ಮನೆಯ ಸ್ಟೋರೇಜ್ ಸರ್ವರ್ ತುಂಬಿದೆ: ಹೊರಗಿನ ಎನ್‌ಕ್ಲೋಶರ್ ಹಾಕಿ ಕಡಿಮೆ ಖರ್ಚಿನಲ್ಲಿ ಹಿಗ್ಗಿಸಬಹುದೇ?

ಮಂಜುಗುಣಿ ಹಾದಿ

ಎಲ್ಲರಿಗೂ ನಮಸ್ಕಾರ. ಶಿರಸಿಯ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಕ್ಯಾಸೆಟ್ ಕಾಲದಿಂದಲೂ ತಾಳಮದ್ದಳೆ, ಬಯಲಾಟಗಳನ್ನು ಮುದ್ರಿಸಿಕೊಳ್ಳುತ್ತ ಬಂದವರು. ಅದನ್ನೆಲ್ಲ ಈಗ ಡಿಜಿಟಲ್ ಮಾಡುತ್ತಿದ್ದೇನೆ. ಧ್ವನಿಗೆ ಹೆಚ್ಚು ಜಾಗ ಬೇಡ. ಸಿಡಿ ಗುಣಮಟ್ಟದಲ್ಲಿ, ಏನೂ ಕುಗ್ಗಿಸದೆ ಇಟ್ಟರೂ ಗಂಟೆಗೆ 635 ಎಂಬಿ ಆಸುಪಾಸು. ಜಾಗ ನುಂಗುವುದು ವಿಡಿಯೊ. ಮಿನಿ ಡಿವಿ ಟೇಪು ಗಂಟೆಗೆ 13 ಜಿಬಿ. ಈಚಿನ ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಮೆಗಾಬಿಟ್‌ನಂತೆ ಹಿಡಿದ ಇಡೀ ರಾತ್ರಿಯ ಆಟ ಒಂದಕ್ಕೇ 80 ಜಿಬಿ ದಾಟುತ್ತದೆ.

ಸರ್ವರ್ ಎಂದರೆ ಕಚೇರಿಯೊಂದು ಮಾರಿದ ಹಳೆಯ ಮಿನಿ ಡೆಸ್ಕ್‌ಟಾಪ್. ಡೆಬಿಯನ್ ಲಿನಕ್ಸ್ ಮೇಲೆ ಓಪನ್‌ಮೀಡಿಯಾವಾಲ್ಟ್ ಎಂಬ ಸ್ಟೋರೇಜ್ ಸರ್ವರ್ ತಂತ್ರಾಂಶ ಓಡುತ್ತಿದೆ. ಒಳಗಿನ 2.5 ಇಂಚಿನ ಎಸ್‌ಎಸ್‌ಡಿಯಲ್ಲಿ ಆಪರೇಟಿಂಗ್ ಸಿಸ್ಟಂ, ಎಂ.2 ಸ್ಲಾಟ್ (ಸಣ್ಣ ಕಾರ್ಡು ಕೂರಿಸುವ ಜಾಗ) ಖಾಲಿ ಇದೆ. 4 ಟಿಬಿಯ ಎರಡು ಡಿಸ್ಕುಗಳು ಹೊರಗೆ ಯುಎಸ್‌ಬಿ ಡಾಕ್‌ಗಳಲ್ಲಿವೆ, ಎರಡೂ ತುಂಬಿವೆ. ಧ್ವನಿಯ ಇನ್ನೊಂದು ಪ್ರತಿ ಬೇರೆ ಕಡೆ ಇದೆ. ವಿಡಿಯೊಗೆ ಇಲ್ಲ.

4 ಬೇ (ಡಿಸ್ಕು ಕೂರುವ ಖಾನೆ) ಇರುವ ಯುಎಸ್‌ಬಿ ಎನ್‌ಕ್ಲೋಶರ್, ಅಂದರೆ ಹೊರಗಿನ ಡಿಸ್ಕು ಪೆಟ್ಟಿಗೆ ಒಂದನ್ನು ಕೊಂಡು, ಅದರಲ್ಲಿ 8 ಟಿಬಿಯ ಡಿಸ್ಕುಗಳನ್ನು ಹಾಕಿ ರೇಡ್ 5 (ಒಂದು ಡಿಸ್ಕು ಕೆಟ್ಟರೂ ದತ್ತಾಂಶ ಉಳಿಯುವಂತೆ ಎಲ್ಲ ಡಿಸ್ಕುಗಳಿಗೂ ಹಂಚಿ ಬರೆಯುವ ಕ್ರಮ) ಮಾಡುವ ಆಲೋಚನೆ ಇದೆ. ಹೊಸ ನಾಸ್ (ಸಿದ್ಧ ನೆಟ್‌ವರ್ಕ್ ಸ್ಟೋರೇಜ್) ಪೆಟ್ಟಿಗೆ ಕೊಳ್ಳುವಷ್ಟು ಹಣ ಈ ವರ್ಷ ಇಲ್ಲ. ನಾಲ್ಕು ಡಿಸ್ಕಿನ ಭಾರವನ್ನು ಒಂದೇ ಯುಎಸ್‌ಬಿ ಕೇಬಲ್ ತಡೆಯುತ್ತದೆಯೇ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ, ಅದಕ್ಕೇನು ಮಾಡಬೇಕು? ಬಲ್ಲವರು ತಿಳಿಸಿ.

ಹಳೆಬೇರು

ವೇಗದ ಚಿಂತೆ ಬಿಡಿ. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 110 ಎಂಬಿಗಿಂತ ಹೆಚ್ಚು ಸಾಗುವುದೇ ಕಷ್ಟ. 5 ಗಿಗಾಬಿಟ್‌ನ ಯುಎಸ್‌ಬಿ 3 ವಾಸ್ತವದಲ್ಲಿ 400 ಎಂಬಿ ಕೊಡುತ್ತದೆ. ನೀವು ಟಿವಿಯಲ್ಲಿ ಆಟ ನೋಡುವಾಗಲೋ ಕಡತ ನಕಲಿಸುವಾಗಲೋ ಯುಎಸ್‌ಬಿ ಅಡ್ಡ ಬರುವುದಿಲ್ಲ.

ನಾಲ್ಕೂ ಡಿಸ್ಕುಗಳನ್ನು ಒಟ್ಟಿಗೆ ಓದುವ ಕೆಲಸ ಬಂದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಆಗ ಪ್ರತಿಯೊಂದಕ್ಕೂ 100 ಎಂಬಿ ಸಿಕ್ಕೀತು. 8 ಟಿಬಿಯ ಡಿಸ್ಕನ್ನು ಆ ವೇಗದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಲು 22 ಗಂಟೆ ಬೇಕು. ಅದೇ ಡಿಸ್ಕು ಒಂಟಿಯಾಗಿ ಸಾಟಾ ಕೇಬಲ್‌ನಲ್ಲಿದ್ದರೆ (ಡಿಸ್ಕನ್ನು ನೇರ ಕಂಪ್ಯೂಟರಿಗೆ ಜೋಡಿಸುವ ಒಳಗಿನ ಕೇಬಲ್) 12-13 ಗಂಟೆ.

ಬಿದಿರುಮೆಳೆ

ವೇಗ ಸರಿ, ಆದರೆ ದಯವಿಟ್ಟು ಯುಎಸ್‌ಬಿ ಪೆಟ್ಟಿಗೆಯ ಮೇಲೆ ರೇಡ್ 5 ಕಟ್ಟಬೇಡಿ. ಏಕೆಂದು ವಿವರವಾಗಿ ಹೇಳುತ್ತೇನೆ, ಈ ಒಂದು ಅಂಶದಲ್ಲಿ ಜನ ತುಂಬ ಕಳೆದುಕೊಳ್ಳುತ್ತಾರೆ.

ಅಗ್ಗದ 4 ಬೇ ಪೆಟ್ಟಿಗೆಯ ಒಳಗೆ ಸಾಮಾನ್ಯವಾಗಿ ಎರಡು ಚಿಪ್‌ಗಳಿರುತ್ತವೆ. ಒಂದು ಯುಎಸ್‌ಬಿಯನ್ನು ಸಾಟಾಗೆ ಬದಲಿಸುವ ಸೇತುವೆ ಚಿಪ್. ಇನ್ನೊಂದು, ಆ ಒಂದೇ ಸಾಟಾ ಸಂಪರ್ಕವನ್ನು ನಾಲ್ಕೈದು ಡಿಸ್ಕುಗಳಿಗೆ ಹಂಚುವ ಪೋರ್ಟ್ ಮಲ್ಟಿಪ್ಲೈಯರ್. ಒಂದು ಡಿಸ್ಕು ಕೆಟ್ಟ ಸೆಕ್ಟರ್ ಮುಂದೆ ತಿಣುಕುತ್ತ ಕೂತಿತೆನ್ನಿ. ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸ್ವಲ್ಪ ಹೊತ್ತು ಕಾದು ಸಂಪರ್ಕವನ್ನು ರೀಸೆಟ್ ಮಾಡುತ್ತದೆ. ರೀಸೆಟ್ ಆಗುವುದು ಆ ಒಂದು ಡಿಸ್ಕಲ್ಲ, ಇಡೀ ಸೇತುವೆ. ನಾಲ್ಕೂ ಡಿಸ್ಕುಗಳು ಒಂದೇ ಕ್ಷಣದಲ್ಲಿ ಕಣ್ಮರೆಯಾಗುತ್ತವೆ. ರೇಡ್ 5 ಒಂದು ಡಿಸ್ಕು ಹೋದರೆ ತಾಳಿಕೊಳ್ಳಬಲ್ಲದು, ನಾಲ್ಕು ಹೋದರೆ ಅಲ್ಲ. ಡಿಸ್ಕುಗಳು ಮರಳಿ ಬಂದರೂ ಯಾವುದರಲ್ಲಿ ಎಷ್ಟು ಬರೆದಾಗಿತ್ತು ಎಂಬುದರಲ್ಲಿ ತಾಳೆ ತಪ್ಪಿರುತ್ತದೆ.

ಜೊತೆಗೆ ಕೆಲವು ಪೆಟ್ಟಿಗೆಗಳು ಡಿಸ್ಕಿನ ನಿಜವಾದ ಸೀರಿಯಲ್ ಸಂಖ್ಯೆಯನ್ನು ಮುಚ್ಚಿಟ್ಟು, ನಾಲ್ಕಕ್ಕೂ ಒಂದೇ ಗುರುತು ತೋರಿಸುತ್ತವೆ. ಯಾವ ಡಿಸ್ಕು ಹಾಳಾಯಿತು ಎಂದು ತಿಳಿಯದೆ ಒಳ್ಳೆಯದನ್ನು ಎಳೆದುಬಿಡುವ ಅಪಾಯವಿದೆ. ಓಪನ್‌ಮೀಡಿಯಾವಾಲ್ಟ್ ತನ್ನ ಫಲಕದಲ್ಲಿ ಯುಎಸ್‌ಬಿ ಡಿಸ್ಕುಗಳ ಮೇಲೆ ರೇಡ್ ಕಟ್ಟಲು ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ಅಂಥದೇ ಇನ್ನೊಂದು ತಂತ್ರಾಂಶವಾದ ಟ್ರೂನಾಸ್‌ನ ಬಳಗವೂ ಯುಎಸ್‌ಬಿ ಮೇಲೆ ಪೂಲ್ (ಡಿಸ್ಕುಗಳ ಗುಂಪು) ಕಟ್ಟಬೇಡಿ ಎಂದೇ ಹೇಳುತ್ತ ಬಂದಿದೆ.

ಗಂಗಾವತಿ ಗದ್ದೆ

ಬಿದಿರುಮೆಳೆ ಅವರೇ, ನಿಮ್ಮ ಮಾತಿಗೆ ಒಂದು ತಿದ್ದುಪಡಿ. ನಾನು ಯುಎಸ್‌ಬಿಯಲ್ಲಿ ಜೆಡ್‌ಎಫ್‌ಎಸ್ ಕಡತವ್ಯವಸ್ಥೆಯ ಮಿರರ್ (ಎರಡು ಡಿಸ್ಕುಗಳಲ್ಲೂ ಒಂದೇ ಪ್ರತಿ ಇಡುವ ಕ್ರಮ) ಅನ್ನು ಬಹಳ ಕಾಲದಿಂದ ನಡೆಸುತ್ತಿದ್ದೇನೆ, ಯಾವ ತೊಂದರೆಯೂ ಆಗಿಲ್ಲ. ಒಂದೊಂದು ಡಿಸ್ಕಿಗೆ ಒಂದೊಂದು ಪೆಟ್ಟಿಗೆ, ಒಂದೊಂದು ಪೋರ್ಟು, ಒಂದೊಂದು ಅಡಾಪ್ಟರ್.

ಬಿದಿರುಮೆಳೆ

ಒಪ್ಪುತ್ತೇನೆ. ನಿಮ್ಮಲ್ಲಿ ಒಂದು ಸೇತುವೆ ಕುಸಿದರೆ ಒಂದೇ ಡಿಸ್ಕು ಹೋಗುತ್ತದೆ, ಮಿರರ್ ಇರುವುದೇ ಆ ಸಂದರ್ಭಕ್ಕೆ. ಎಲ್ಲ ಡಿಸ್ಕುಗಳೂ ಒಂದೇ ಚಿಪ್ಪಿಗೆ ನೇತುಬಿದ್ದಿರುವಾಗ ಅವುಗಳ ನಡುವೆ ರೇಡ್ ಕಟ್ಟುವುದಕ್ಕೆ ಮಾತ್ರ ನನ್ನ ವಿರೋಧ.

ಮಂಜುಗುಣಿ ಹಾದಿ

ಹಾಗಾದರೆ ಪೆಟ್ಟಿಗೆಯೊಳಗೇ ರೇಡ್ ಮಾಡುವ ಮಾದರಿಗಳಿವೆಯಲ್ಲ, ಹಿಂಬದಿಯಲ್ಲಿ ಸಣ್ಣ ಸ್ವಿಚ್‌ಗಳಿರುವಂಥವು? ಕ್ಯೂನಾಪ್ ಟಿಆರ್-004 ನೋಡಿದ್ದೆ. ಅದರಲ್ಲಿ ಹೊರಗೆ ಒಂದೇ ದೊಡ್ಡ ಡಿಸ್ಕು ಕಾಣುತ್ತದೆಯಂತೆ.

ದೊಡ್ಡಾಲದ ನೆರಳು

ಅಂಥವು ಕೆಲಸ ಮಾಡುತ್ತವೆ. ಆದರೆ ಡಿಸ್ಕುಗಳ ಮೇಲಿನ ಬರಹದ ಕ್ರಮ ಆ ಪೆಟ್ಟಿಗೆಯ ಚಿಪ್ಪಿಗೆ ಮಾತ್ರ ಗೊತ್ತು. ಐದು ವರ್ಷದ ನಂತರ ಪೆಟ್ಟಿಗೆ ಕೈಕೊಟ್ಟರೆ ಅದೇ ಜಾತಿಯ ಇನ್ನೊಂದನ್ನು ಹುಡುಕಿಕೊಂಡು ಹೋಗಬೇಕು. ನಿಮ್ಮ ತಂದೆಯವರ ಸಂಗ್ರಹಕ್ಕೆ ಆ ಪರಿಸ್ಥಿತಿ ಬರಬಾರದು. ಟಿಆರ್-004 ಸ್ವಿಚ್ಚನ್ನು ಒಂಟಿ ಡಿಸ್ಕುಗಳ ಸ್ಥಿತಿಗೆ ಇಟ್ಟರೆ ನಾಲ್ಕು ಡಿಸ್ಕುಗಳನ್ನೂ ಬೇರೆ ಬೇರೆಯಾಗಿಯೇ ತೋರಿಸುತ್ತದೆ, ಹಾಗೆ ಬಳಸಿದರೆ ಆಕ್ಷೇಪವಿಲ್ಲ.

ಇನ್ನೂ ಎರಡು ಸಂಗತಿ. ಹಳೆಯ ಕೆಲವು ಎನ್‌ಕ್ಲೋಶರ್‌ಗಳು 2 ಟಿಬಿಗಿಂತ ದೊಡ್ಡ ಡಿಸ್ಕುಗಳ ಸೆಕ್ಟರ್ ಅಳತೆಯನ್ನು 512ರಿಂದ 4096 ಬೈಟ್‌ಗೆ ಬದಲಿಸಿ ತೋರಿಸುತ್ತಿದ್ದವು. ಆ ಡಿಸ್ಕನ್ನು ಬಿಚ್ಚಿ ನೇರ ಸಾಟಾಗೆ ಹಾಕಿದರೆ ಪಾರ್ಟಿಷನ್ನೇ ಕಾಣದು. ಡಬ್ಲ್ಯುಡಿ ಮೈ ಬುಕ್‌ನ ಹಳೆಯ ಮಾದರಿಗಳಲ್ಲಿ ಸೇತುವೆ ಚಿಪ್ಪೇ ದತ್ತಾಂಶವನ್ನು ಗೂಢಲಿಪಿಗೆ ಬದಲಿಸುತ್ತಿತ್ತು. ಪಾಸ್‌ವರ್ಡ್ ಇಡದಿದ್ದರೂ ಡಿಸ್ಕನ್ನು ಹೊರತೆಗೆದರೆ ಓದಲಾಗದು. ಆದ್ದರಿಂದ ಯಾವುದೇ ಪೆಟ್ಟಿಗೆ ತಂದರೂ ಮೊದಲ ದಿನವೇ ಒಂದು ಪರೀಕ್ಷೆ ಮಾಡಿ: ಡಿಸ್ಕಿನಲ್ಲಿ ಏನಾದರೂ ಬರೆದು, ಹೊರತೆಗೆದು, ನಿಮ್ಮ ಈಗಿನ ಡಾಕ್‌ನಲ್ಲಿ ಇಟ್ಟು ಓದಿ ನೋಡಿ. ಸಲೀಸಾಗಿ ಓದಿದರೆ ಆ ಪೆಟ್ಟಿಗೆ ನಂಬಿಕೆಗೆ ಅರ್ಹ.

ಅಕ್ಕರೆಯ ಓದು

ಮಂಜುಗುಣಿ ಹಾದಿ ಅವರೇ, ನಿಮ್ಮ ಸಂಗ್ರಹದ ಸ್ವಭಾವಕ್ಕೆ ಹೊಂದುವ ದಾರಿ ಮರ್ಜರ್‌ಎಫ್‌ಎಸ್ ಮತ್ತು ಸ್ನ್ಯಾಪ್‌ರೇಡ್ ಜೋಡಿ. ನಮ್ಮ ಮನೆಯಲ್ಲಿ ಸಂಗೀತ, ಉಪನ್ಯಾಸ, ಮದುವೆ ಮುಂಜಿಯ ವಿಡಿಯೊ ಎಲ್ಲವೂ ಹೀಗೇ ಇದೆ.

ಪ್ರತಿ ಡಿಸ್ಕಿಗೂ ತನ್ನದೇ ಎಕ್ಸ್‌ಟಿ4 ಕಡತವ್ಯವಸ್ಥೆ ಇರುತ್ತದೆ. ಮರ್ಜರ್‌ಎಫ್‌ಎಸ್ ಅವನ್ನೆಲ್ಲ ಒಂದೇ ಫೋಲ್ಡರ್ ಎಂಬಂತೆ ತೋರಿಸುತ್ತದೆ. ಒಂದು ಕಡತ ಪೂರ್ತಿಯಾಗಿ ಒಂದೇ ಡಿಸ್ಕಿನಲ್ಲಿರುತ್ತದೆ, ತುಂಡಾಗಿ ಹಂಚಿಹೋಗುವುದಿಲ್ಲ. ಒಂದು ಡಿಸ್ಕು ಸತ್ತರೆ ಅದರಲ್ಲಿದ್ದ ಕಡತಗಳು ಮಾತ್ರ ಹೋಗುತ್ತವೆ, ಉಳಿದ ಡಿಸ್ಕನ್ನು ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಓದುತ್ತದೆ. ಬೇರೆ ಬೇರೆ ಗಾತ್ರದ ಡಿಸ್ಕುಗಳನ್ನು ಬೆರೆಸಬಹುದು. ಹಣ ಕೂಡಿದಂತೆ ಒಂದೊಂದೇ ಸೇರಿಸುತ್ತ ಹೋಗಬಹುದು. ಕಡಿಮೆ ಖರ್ಚಿನ ವಿಸ್ತರಣೆ ಎಂದರೆ ನನಗೆ ಮುಖ್ಯವಾಗಿ ಇದೇ. ಪೆಟ್ಟಿಗೆಯ ಬೆಲೆ ಡಿಸ್ಕುಗಳ ಬೆಲೆಯ ಮುಂದೆ ಚಿಕ್ಕದು.

ಸ್ನ್ಯಾಪ್‌ರೇಡ್ ಒಂದು ಡಿಸ್ಕನ್ನು ಪ್ಯಾರಿಟಿಗಾಗಿ, ಅಂದರೆ ಕೆಟ್ಟ ಡಿಸ್ಕನ್ನು ಮರಳಿ ಕಟ್ಟಲು ಬೇಕಾದ ಲೆಕ್ಕ ಇಡುವುದಕ್ಕಾಗಿ ಕೇಳುತ್ತದೆ. ಆ ಡಿಸ್ಕು ಉಳಿದವುಗಳಲ್ಲಿ ಅತಿ ದೊಡ್ಡದರಷ್ಟಾದರೂ ಇರಬೇಕು. ಇದು ಕ್ಷಣಕ್ಷಣಕ್ಕೆ ನಡೆಯುವ ರೇಡ್ ಅಲ್ಲ. ಸಿಂಕ್ ಆದೇಶ ಕೊಟ್ಟಾಗ ಮಾತ್ರ ಲೆಕ್ಕ ಹಾಕಿಡುತ್ತದೆ. ಇವತ್ತು ಸೇರಿಸಿದ ಕಡತಕ್ಕೆ ರಾತ್ರಿಯ ಸಿಂಕ್ ಆಗುವ ತನಕ ರಕ್ಷಣೆ ಇಲ್ಲ. ಸಿಂಕ್ ಆದ ಮೇಲೆ ಒಂದು ಡಿಸ್ಕಿನಲ್ಲಿ ಬಹಳಷ್ಟು ಅಳಿಸಿದ್ದು, ಅದೇ ಹೊತ್ತಿಗೆ ಇನ್ನೊಂದು ಡಿಸ್ಕು ಹೋದರೆ, ಆ ಎರಡನೆಯದರ ಕೆಲವು ಭಾಗ ಮರಳಿ ಬರುವುದಿಲ್ಲ. ದಿನವೂ ಬದಲಾಗುವ ಡೇಟಾಬೇಸ್‌ಗೆ ಇದು ತಕ್ಕದ್ದಲ್ಲ. ಒಮ್ಮೆ ಬರೆದು ವರ್ಷಗಟ್ಟಲೆ ಮುಟ್ಟದ ತಾಳಮದ್ದಳೆಯ ಮುದ್ರಣಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ಪ್ರತಿ ಕಡತದ ಹ್ಯಾಶ್ (ಒಳಾಂಶದ ಬೆರಳಚ್ಚಿನಂಥ ಸಂಖ್ಯೆ) ಇಟ್ಟುಕೊಳ್ಳುವುದರಿಂದ, ಅದನ್ನು ತಾಳೆ ನೋಡುವ ಸ್ಕ್ರಬ್ ಓಡಿಸಿದಾಗ ಸದ್ದಿಲ್ಲದೆ ಕೆಟ್ಟ ಕಡತವೂ ಪತ್ತೆಯಾಗುತ್ತದೆ.

ಬಿದಿರುಮೆಳೆ ಅವರು ಹೇಳಿದಂತೆ ಪೆಟ್ಟಿಗೆ ಇದ್ದಕ್ಕಿದ್ದಂತೆ ಕಣ್ಮರೆಯಾದರೆ? ಆ ಗಳಿಗೆಯಲ್ಲಿ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಮೌಂಟ್ ಮಾಡಿದರೆ (ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸಿದರೆ) ಉಳಿದದ್ದು ಅಲ್ಲೇ ಇರುತ್ತದೆ. ಡಿಸ್ಕು ಖಾಲಿ ಕಂಡರೆ ಸ್ನ್ಯಾಪ್‌ರೇಡ್ ಸಿಂಕ್ ಮಾಡಲು ಒಪ್ಪದೆ ನಿಲ್ಲುತ್ತದೆ, ಆ ಎಚ್ಚರವೂ ಅದಕ್ಕಿದೆ.

ಕಡಲತಡಿ

ಅಕ್ಕರೆಯ ಓದು ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ಪೆಟ್ಟಿಗೆ ಇಲ್ಲದಾಗ ಮೌಂಟ್ ಪಾಯಿಂಟ್ ಒಂದು ಬರಿಯ ಖಾಲಿ ಫೋಲ್ಡರ್. ಮರ್ಜರ್‌ಎಫ್‌ಎಸ್ ಹೊಸ ಕಡತಗಳನ್ನು ಅಲ್ಲಿಗೇ ಬರೆದು ಆಪರೇಟಿಂಗ್ ಸಿಸ್ಟಂ ಇರುವ ಎಸ್‌ಎಸ್‌ಡಿಯನ್ನು ತುಂಬಿಸಿಬಿಡಬಹುದು. ಡಿಸ್ಕು ಮೌಂಟ್ ಆಗುವ ಮೊದಲೇ ಆ ಖಾಲಿ ಫೋಲ್ಡರ್‌ಗೆ ಯಾರೂ ಬರೆಯಲಾಗದಂತೆ ಗುರುತು ಹಾಕಿ. ಬೂಟ್ ಆಗುವಾಗ ಯಾವ ಡಿಸ್ಕು ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಬರೆಯಬೇಡಿ, ಬದಲಾಗದ ಗುರುತಾದ ಯುಯುಐಡಿ ಬಳಸಿ. ನೋಫೇಲ್ ಎಂಬ ಆಯ್ಕೆಯನ್ನೂ ಸೇರಿಸಿ, ಇಲ್ಲದಿದ್ದರೆ ಪೆಟ್ಟಿಗೆ ಎಚ್ಚರಗೊಳ್ಳದ ದಿನ ಸರ್ವರ್ ಬೂಟ್ ಆಗದೆ ತುರ್ತು ಸ್ಥಿತಿಯಲ್ಲಿ ನಿಲ್ಲುತ್ತದೆ.

ಈಗ ಕರೆಂಟಿನ ವಿಚಾರ. ನಾನು ಕುಂದಾಪುರದವನು, ನಮ್ಮಲ್ಲೂ ಜೂನ್ ಬಂತೆಂದರೆ ಇದೇ ಪಾಡು. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಕರೆಂಟ್ ಹೋಗಿ ಬಂದ ಮೇಲೆ ಪೆಟ್ಟಿಗೆ ತಾನಾಗಿ ಚಾಲೂ ಆಗುತ್ತದೆಯೇ? ಕೆಲವದರಲ್ಲಿ ಗುಂಡಿಯನ್ನು ಯಾರಾದರೂ ಒತ್ತಲೇಬೇಕು. ನೀವು ಊರಲ್ಲಿಲ್ಲದಾಗ ಸರ್ವರ್ ಎದ್ದು ಕೂತಿರುತ್ತದೆ, ಡಿಸ್ಕುಗಳು ಮಲಗಿರುತ್ತವೆ. ಆನ್ ಮಾಡಿದ ಸ್ಥಿತಿಯಲ್ಲೇ ಉಳಿಯುವ ಸಾದಾ ಸ್ವಿಚ್ ಇರುವ ಮಾದರಿಯನ್ನೇ ಆರಿಸಿ.

ಸರ್ವರ್ ಮತ್ತು ಪೆಟ್ಟಿಗೆ ಎರಡೂ ಒಂದೇ ಯುಪಿಎಸ್ ಮೇಲೆ ಇರಬೇಕು. ಸರ್ವರ್‌ಗೆ ಮಾತ್ರ ಯುಪಿಎಸ್ ಕೊಟ್ಟು ಪೆಟ್ಟಿಗೆಯನ್ನು ಗೋಡೆಯ ಸಾಕೆಟ್‌ಗೆ ಹಾಕಿದರೆ, ಪ್ರತಿ ಸಲ ಕರೆಂಟ್ ಹೋದಾಗಲೂ ಓಡುತ್ತಿರುವ ಸರ್ವರ್‌ನಿಂದ ಡಿಸ್ಕುಗಳನ್ನು ಕಿತ್ತಂತೆ. ಮನೆಯ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಇಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗುವ ಹೊತ್ತು ಹೆಚ್ಚು. ಯುಎಸ್‌ಬಿ ಸಂಪರ್ಕ ಇರುವ ಯುಪಿಎಸ್ ಆದರೆ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ತಂತ್ರಾಂಶ ಬ್ಯಾಟರಿ ಕೊನೆಗೊಳ್ಳುವ ಮುನ್ನ ಸರ್ವರ್ ಅನ್ನು ಕ್ರಮವಾಗಿ ಮುಚ್ಚುತ್ತದೆ.

ಅಡಾಪ್ಟರ್ ಕೂಡ ನೋಡಿ. 3.5 ಇಂಚಿನ ಡಿಸ್ಕು ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಶುರುವಾದರೆ 8 ಆಂಪಿಯರ್. ಅಡಾಪ್ಟರ್ ಅದಕ್ಕಿಂತ ಸಣ್ಣದಾಗಿದ್ದರೆ, ಪೆಟ್ಟಿಗೆ ಡಿಸ್ಕುಗಳನ್ನು ಒಂದರ ನಂತರ ಒಂದಾಗಿ ಎಬ್ಬಿಸುವ ಜಾಣ್ಮೆ ಹೊಂದಿರಬೇಕು. ಕಾರಣ ತಿಳಿಯದೆ ಡಿಸ್ಕು ಮಾಯವಾಗುವ ದೂರುಗಳಲ್ಲಿ ಅನೇಕವುಗಳ ಮೂಲ ದುರ್ಬಲ ಅಡಾಪ್ಟರ್.

ಸಾದರಪತ್ರಪ್ಪ ರಸ್ತೆ ಗಿರಾಕಿ

ಬೇರೆ ದಾರಿಯೂ ಇದೆ. ನಿಮ್ಮ ಮಿನಿ ಯಂತ್ರದ ಖಾಲಿ ಎಂ.2 ಸ್ಲಾಟ್‌ನಲ್ಲಿ ಪಿಸಿಐಇ ಸಂಪರ್ಕ ಇದ್ದರೆ, ಅದಕ್ಕೆ ಎಎಸ್‌ಎಂ1166 ಚಿಪ್‌ನ ಕಾರ್ಡು ಹಾಕಿ. 6 ಸಾಟಾ ಪೋರ್ಟುಗಳು ಸಿಗುತ್ತವೆ. ಜೆಎಂಬಿ585 ಆದರೆ 5. ಇವು ನಿಜವಾದ ಸಾಟಾ ಪೋರ್ಟುಗಳು, ಯುಎಸ್‌ಬಿ ಸೇತುವೆಯ ರಗಳೆ ಯಾವುದೂ ಇಲ್ಲ. ರೇಡ್ ಆಗಲಿ, ಜೆಡ್‌ಎಫ್‌ಎಸ್ ಆಗಲಿ ಧೈರ್ಯವಾಗಿ ಮಾಡಬಹುದು. ಡಿಸ್ಕುಗಳನ್ನು ಹಳೆಯ ಕ್ಯಾಬಿನೆಟ್‌ನಲ್ಲಿ ಕೂರಿಸಿ, ಒಳ್ಳೆಯ ಎಸ್‌ಎಂಪಿಎಸ್ ಒಂದರಿಂದ ವಿದ್ಯುತ್ ಕೊಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೆಯ ಕ್ಯಾಬಿನೆಟ್ ಹುಡುಕುವುದು ಕಷ್ಟವಲ್ಲ. ಎಸ್‌ಎಂಪಿಎಸ್ ಮಾತ್ರ ಹೊಸದನ್ನೇ ಕೊಳ್ಳಿ, ಅಲ್ಲಿ ಉಳಿಸಬೇಡಿ.

ಮದರ್‌ಬೋರ್ಡ್ ಇಲ್ಲದೆ ಎಸ್‌ಎಂಪಿಎಸ್ ಚಾಲೂ ಆಗಲು 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಬೇಕು. ಅದಕ್ಕೆ ಸಿದ್ಧ ಜಂಪರ್ ಸಿಗುತ್ತದೆ. ಡಿಸ್ಕುಗಳು ಮೊದಲು ಚಾಲೂ ಆಗಲಿ, ಆಮೇಲೆ ಸರ್ವರ್. ಸಾಟಾ ಕೇಬಲ್ 1 ಮೀಟರ್ ಮೀರಬಾರದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾ ವಿದ್ಯುತ್‌ಗೆ ಬದಲಿಸುವ ಅಡಾಪ್ಟರ್‌ಗಳಲ್ಲಿ, ತಂತಿಗಳನ್ನು ಪ್ಲಾಸ್ಟಿಕ್‌ನಲ್ಲಿ ಅಚ್ಚು ಹೊಯ್ದ ಬಗೆಯವನ್ನು ಬಳಸಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ತಗುಲಿ ಬೆಂಕಿ ಹತ್ತಿದ ಪ್ರಕರಣಗಳಿವೆ. ತಂತಿ ಬಿಡಿಬಿಡಿಯಾಗಿ ಕಾಣುವಂತೆ ಒತ್ತಿ ಕೂರಿಸಿದ ಬಗೆಯದು ಮೇಲು, ಎಸ್‌ಎಂಪಿಎಸ್‌ನದೇ ಸಾಟಾ ಕೇಬಲ್ ಇನ್ನೂ ಮೇಲು.

ಡಾಲಸ್ ಕನ್ನಡತಿ

ಇಲ್ಲಿ ಅಮೆರಿಕದಲ್ಲಿ ಕಂಪನಿಗಳು ಕೈಬಿಟ್ಟ ಡಿಸ್ಕ್ ಶೆಲ್ಫ್‌ಗಳು ಅಗ್ಗಕ್ಕೆ ಸಿಗುತ್ತವೆ. ನೆಟ್‌ಆ್ಯಪ್ ಡಿಎಸ್4246ರಲ್ಲಿ 24 ಬೇಗಳಿವೆ. ಎಲ್‌ಎಸ್‌ಐ 9207-8ಇ ಬಗೆಯ ಕಾರ್ಡು, ತಕ್ಕ ಕೇಬಲ್ ಇದ್ದರೆ ಮನೆಯ ಸರ್ವರ್‌ಗೆ ಸೇರುತ್ತದೆ. ಅದರ ಜೊತೆ ಬಂದ ಹಳೆಯ ಸ್ಯಾಸ್ (ದೊಡ್ಡ ಸರ್ವರ್‌ಗಳ ಬಗೆಯ) ಡಿಸ್ಕುಗಳು 520 ಬೈಟ್ ಸೆಕ್ಟರ್‌ನವಾದರೆ 512ಕ್ಕೆ ಮರುಫಾರ್ಮ್ಯಾಟ್ ಮಾಡಬೇಕು.

ಆದರೆ ಊರಿನಲ್ಲಿ ಯಾರಿಗೂ ಇದನ್ನು ಹೇಳಲಾರೆ. ತೂಕಕ್ಕೆ ಸಾಗಣೆಯ ಖರ್ಚೇ ಮಿತಿ ಮೀರುತ್ತದೆ, ಫ್ಯಾನುಗಳ ಸದ್ದು ಮಲಗುವ ಮನೆಯ ಹತ್ತಿರ ಸಹಿಸಲಾಗದು. ಕರೆಂಟ್ ಲೆಕ್ಕವನ್ನೂ ನೋಡಿ: ಇಡೀ ವರ್ಷ ಓಡುವ ಪ್ರತಿ 10 ವ್ಯಾಟ್‌ಗೆ 87.6 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 525 ರೂಪಾಯಿ. 200 ವ್ಯಾಟ್ ತಿನ್ನುವ ಶೆಲ್ಫ್ ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ.

ಹಳೆಬೇರು

ಡಿಸ್ಕು ಆರಿಸುವಾಗ ಎಸ್‌ಎಂಆರ್ ತಂತ್ರಜ್ಞಾನದ್ದೋ (ಬರಹದ ಪಥಗಳು ಒಂದರ ಮೇಲೊಂದು ಹೊದ್ದಿರುವುದರಿಂದ ಮರುಬರೆಯುವುದು ನಿಧಾನ) ಸಿಎಂಆರ್‌ನದೋ (ಪಥಗಳು ಬೇರೆ ಬೇರೆ) ಎಂದು ಮಾದರಿ ಸಂಖ್ಯೆ ಹಿಡಿದು ನೋಡಿ. 2020ರಲ್ಲಿ ಡಬ್ಲ್ಯುಡಿ ರೆಡ್‌ನ 2ರಿಂದ 6 ಟಿಬಿ ಮಾದರಿಗಳಲ್ಲಿ ಎಸ್‌ಎಂಆರ್ ಇರುವುದು ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆಯೇ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂಬ ಹೆಸರು ಬಂದದ್ದು. ಓದುವುದಕ್ಕೆ ಎಸ್‌ಎಂಆರ್ ಸಾಕು, ಪ್ಯಾರಿಟಿ ಡಿಸ್ಕಿಗೆ ಬೇಡ.

ಕೆಲವು ಸಲ ಹೊರಗಿನ 3.5 ಇಂಚಿನ ಡಿಸ್ಕನ್ನು ಕೊಂಡು ಕವಚ ಬಿಚ್ಚುವುದು ಅಗ್ಗವಾಗುತ್ತದೆ. ಆದರೆ ವಾರಂಟಿ ಕೈಬಿಡುವ ಸಾಧ್ಯತೆ ಇದೆ. ಅಂಥ ಕೆಲವು ಡಿಸ್ಕುಗಳು ವಿದ್ಯುತ್ ಕನೆಕ್ಟರ್‌ನ 3ನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಏಳುವುದೇ ಇಲ್ಲ. ಆ ಪಿನ್ನಿಗೆ ಕ್ಯಾಪ್ಟಾನ್ ಟೇಪ್ (ವಿದ್ಯುತ್ ಹರಿಯದ ತೆಳು ಟೇಪ್) ಅಂಟಿಸಬೇಕು. 2.5 ಇಂಚಿನ ಪಾಸ್‌ಪೋರ್ಟ್ ಬಗೆಯವನ್ನು ಬಿಚ್ಚಲು ಹೋಗಬೇಡಿ, ಅನೇಕವುಗಳಲ್ಲಿ ಯುಎಸ್‌ಬಿ ಪೋರ್ಟು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ.

ಮಂಜುಗುಣಿ ಹಾದಿ

ಎಲ್ಲರಿಗೂ ಕೃತಜ್ಞತೆ. ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ಎಂ.2 ಕಾರ್ಡಿನ ದಾರಿ ಮನಸ್ಸಿಗೆ ಹಿಡಿಸಿತು. ಆದರೆ ನಮ್ಮದು ಹಂಚಿನ ಮನೆ, ಹಲ್ಲಿ ಇರುವೆಗಳು ಎಲ್ಲೆಡೆ ನುಗ್ಗುತ್ತವೆ. ಮುಚ್ಚಳ ತೆರೆದ ಯಂತ್ರದಿಂದ ಕೇಬಲ್ ಎಳೆದು ಇನ್ನೊಂದು ಕ್ಯಾಬಿನೆಟ್‌ಗೆ ಕೊಡುವುದು ಇಲ್ಲಿ ಸುರಕ್ಷಿತವಲ್ಲ. ಹಾಗಾಗಿ 4 ಬೇ ಯುಎಸ್‌ಬಿ ಪೆಟ್ಟಿಗೆಯನ್ನೇ ಕೊಳ್ಳುತ್ತೇನೆ, ರೇಡ್ ಇಲ್ಲದೆ. 8 ಟಿಬಿಯ ಮೂರು ಡಿಸ್ಕು: ಎರಡು ಸಂಗ್ರಹಕ್ಕೆ, ಒಂದು ಪ್ಯಾರಿಟಿಗೆ. ನಾಲ್ಕನೆಯ ಬೇ ಮುಂದಿನ ವರ್ಷಕ್ಕೆ. ಹಳೆಯ 4 ಟಿಬಿ ಡಿಸ್ಕುಗಳನ್ನು ಅಳಿಸಿ ಬೇರೆಯದಕ್ಕೆ ಬಳಸಲೇ?

ಅಕ್ಕರೆಯ ಓದು

ಅಳಿಸಬೇಡಿ! ಹೊಸದಕ್ಕೆ ನಕಲಿಸಿದ ಕ್ಷಣದಿಂದ ಆ ಎರಡು ಡಿಸ್ಕುಗಳೇ ನಿಮ್ಮ ಬ್ಯಾಕಪ್. ಈಗ ವಿಡಿಯೊಗೆ ಎರಡನೆಯ ಪ್ರತಿ ಇಲ್ಲವೆಂದಿರಿ. ಒಂದು ರೂಪಾಯಿ ಹೆಚ್ಚು ಖರ್ಚಿಲ್ಲದೆ ಅದು ಸಿಕ್ಕಂತಾಯಿತು. ಅವನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಡಿ. ಪ್ಯಾರಿಟಿ ಎಷ್ಟೇ ಇದ್ದರೂ ಸಿಡಿಲು ಬಡಿದರೆ ಪೆಟ್ಟಿಗೆಯೊಳಗಿನ ಎಲ್ಲವೂ ಒಟ್ಟಿಗೆ ಹೋಗುತ್ತದೆ, ನಿಮ್ಮ ಭಾಗದಲ್ಲಿ ಮುಂಗಾರಿನ ಮುಂಚಿನ ಸಿಡಿಲು ಜೋರು.

ಮಂಜುಗುಣಿ ಹಾದಿ

ಹುಬ್ಬಳ್ಳಿಯಲ್ಲಿ ಅಕ್ಕನ ಮನೆ ಇದೆ. ಅಲ್ಲಿಗೇ ಒಯ್ಯುತ್ತೇನೆ, ಮೇಡಂ. ಪೆಟ್ಟಿಗೆ ಬಂದ ಮೇಲೆ ಮೊದಲು ಏನು ಪರೀಕ್ಷಿಸಬೇಕು?

ಬಿದಿರುಮೆಳೆ

ಹಿಂತಿರುಗಿಸುವ ಗಡುವು ಮುಗಿಯುವ ಮೊದಲು ಇಷ್ಟು ಮಾಡಿ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಆದೇಶದಲ್ಲಿ ನಾಲ್ಕೂ ಬೇಗಳಿಂದ ಡಿಸ್ಕಿನ ಸೀರಿಯಲ್ ಸಂಖ್ಯೆ, ಉಷ್ಣತೆ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಸಾಧನದ ಬಗೆಯನ್ನು ಸ್ಯಾಟ್ ಎಂದು ಕೊಟ್ಟು ನೋಡಿ. ಆಗಲೂ ಕಾಣದಿದ್ದರೆ ಪೆಟ್ಟಿಗೆಯನ್ನು ವಾಪಸ್ ಕಳಿಸಿ. ಕಂಡರೆ ಎಲ್ಲ ಡಿಸ್ಕುಗಳಿಗೂ ಒಟ್ಟಿಗೆ ದೀರ್ಘ ಪರೀಕ್ಷೆ ಹಚ್ಚಿ. ಆಮೇಲೆ ಎಲ್ಲವುಗಳ ಮೇಲೆ ಏಕಕಾಲಕ್ಕೆ ಗಂಟೆಗಟ್ಟಲೆ ಬರೆಯುತ್ತ, ಕರ್ನೆಲ್ ದಾಖಲೆಯಲ್ಲಿ ರೀಸೆಟ್ ಎಂಬ ಸಾಲು ಬರುತ್ತಿದೆಯೇ ಗಮನಿಸಿ. ಬರುತ್ತಿದ್ದರೆ ಮೊದಲು ಕೇಬಲ್ ಮತ್ತು ಪೋರ್ಟ್ ಬದಲಿಸಿ. ಆಗಲೂ ನಿಲ್ಲದಿದ್ದರೆ ಆ ಚಿಪ್ಪಿಗೆ ಯುಎಎಸ್ (ಯುಎಸ್‌ಬಿ ಡಿಸ್ಕುಗಳ ವೇಗದ ಸಂವಹನ ಕ್ರಮ) ನಿಲ್ಲಿಸುವಂತೆ ಕರ್ನೆಲ್‌ಗೆ ಸೂಚನೆ ಕೊಡಿ. ವೇಗ ತುಸು ಇಳಿಯುತ್ತದೆ, ಸ್ಥಿರತೆ ಬರುತ್ತದೆ. ಆ ಸೂಚನೆಯಲ್ಲಿ ಚಿಪ್ಪಿನ ಯುಎಸ್‌ಬಿ ಗುರುತನ್ನು ಕೊಡಬೇಕು: ಜೆಮೈಕ್ರಾನ್ ಚಿಪ್‌ಗಳ ಗುರುತು 152ಡಿ ಎಂದೂ, ಎಎಸ್‌ಮೀಡಿಯಾದವು 174ಸಿ ಎಂದೂ ಶುರುವಾಗುತ್ತವೆ.

ಕೊನೆಯದಾಗಿ, ಎಲ್ಲ ಓಡುತ್ತಿರುವಾಗ ಯುಪಿಎಸ್‌ನ ಪ್ಲಗ್ ಅನ್ನು ಗೋಡೆಯಿಂದ ಕಿತ್ತು ನೋಡಿ. ಪೆಟ್ಟಿಗೆ ತಡೆದುಕೊಂಡರೆ ನಕಲಿಸಲು ಶುರುಮಾಡಿ. ನಕಲಿಸುವ ಆರ್‌ಸಿಂಕ್ ಆದೇಶ ಮುಗಿದ ಮೇಲೆ ಅದನ್ನೇ, ಎರಡೂ ಕಡೆಯ ಕಡತಗಳ ಒಳಾಂಶ ಹೋಲಿಸುವ ಚೆಕ್‌ಸಮ್ ಆಯ್ಕೆಯೊಂದಿಗೆ ಇನ್ನೊಮ್ಮೆ ಓಡಿಸಿ. ಅದು ಯಾವ ಕಡತವನ್ನೂ ಮತ್ತೆ ನಕಲಿಸದೆ ಮುಗಿದ ಮೇಲೆಯೇ ಹಳೆಯ ಡಿಸ್ಕುಗಳನ್ನು ಹುಬ್ಬಳ್ಳಿಗೆ ಕಳಿಸಿ.